ಏಳು ಮನೆಗಳ ಬೀಜ

ಜನವರಿ ೧೧

ಮೇಷ್ಟ್ರಿಗೆ ನಿಮ್ಮ ಗಡಿಬಿಡಿಯ ನಮಸ್ಕಾರ.

ನೀವಿಟ್ಟ ಅಡ್ಡಹೆಸರಿನಲ್ಲೇ ಶುರು ಮಾಡಿದ್ದೇನೆ. ಈಗ ಈ ಶಾಲೆಯಲ್ಲಿ ನನ್ನನ್ನು ಹಾಗೆ ಕರೆಯುವ ಧೈರ್ಯ ಯಾರಿಗೂ ಇಲ್ಲ. ಎದುರಿಗೆ ‘ಹೆಡ್‌ಮೇಡಂ’ ಅನ್ನುತ್ತಾರೆ, ಬೆನ್ನ ಹಿಂದೆ ಏನನ್ನುತ್ತಾರೋ ನಾನು ಕೇಳಿಸಿಕೊಳ್ಳುವುದಿಲ್ಲ. ಫೋನ್ ಮಾಡೋಣವೆಂದರೆ ನಿಮ್ಮ ಕಿವಿ ಕೈಕೊಟ್ಟಿದೆ ಎಂದು ನಿಮ್ಮ ಮಗಳು ಹೇಳಿದಳು. ಅದಕ್ಕೇ ಈ ಕಾಗದ.

ನಮ್ಮ ಕೃಷಿ ಶಾಲೆಗೆ ಈ ವರ್ಷ ಐವತ್ತು ತುಂಬುತ್ತದೆ. ಉಡುಗೊರೆ ಕೊಟ್ಟ ಹಾಗೆ ಇಲಾಖೆಯಿಂದ ಒಂದು ಪತ್ರ ಬಂದಿದೆ. ಮಾರ್ಚ್ ಇಪ್ಪತ್ತಕ್ಕೆ ಒಂದು ಸಮಿತಿ ಬಂದು ನೋಡುತ್ತದಂತೆ. ಅವರಿಗೆ ಸಮಾಧಾನವಾಗದಿದ್ದರೆ ಬೇಸಾಯದ ತರಗತಿ ಮುಚ್ಚಿ, ನಮ್ಮ ಮೂವತ್ತೆಂಟು ಮಕ್ಕಳನ್ನು ಪಕ್ಕದ ದೊಡ್ಡ ಹೈಸ್ಕೂಲಿಗೆ ಸೇರಿಸುತ್ತಾರೆ. ಎರಡು ಎಕರೆ ಹೊಲ ಆಟದ ಮೈದಾನವಾಗುತ್ತದೆ. ‘ಬೇಸಾಯವನ್ನು ಪುಸ್ತಕದಿಂದಲೂ ಕಲಿಯಬಹುದು’ ಎಂದು ಆ ಪತ್ರದಲ್ಲಿದೆ. ಬರೆದವರಿಗೆ ಈಜನ್ನೂ ಪುಸ್ತಕದಿಂದಲೇ ಕಲಿಸಿ ನೀರಿಗೆ ಬಿಡಬೇಕು.

ನಾನು ಹೆದರಿಲ್ಲ. ಶಾಲೆಯ ಚರಿತ್ರೆಯನ್ನು ಬರೆದು ಸಮಿತಿಯ ಕೈಗಿಡುತ್ತೇನೆ. ಅದರಲ್ಲಿ ಮುಖ್ಯ ಅಧ್ಯಾಯ ಯಾವುದೆಂದು ನಿಮಗೆ ಹೇಳಬೇಕಾಗಿಲ್ಲ. ನಲವತ್ತೊಂದು ವರ್ಷದ ಹಿಂದಿನ ಮೊಳಕೆ ಪರೀಕ್ಷೆ. ನನಗಾಗ ಹದಿಮೂರು. ಬೇಸಾಯದ ತರಗತಿಗೆ ಸೇರಿದ ಮೊದಲ ಹುಡುಗಿ ನಾನು, ಉಳಿದ ಹುಡುಗಿಯರೆಲ್ಲ ಪಕ್ಕದ ಹೊಲಿಗೆ ಕೋಣೆಯಲ್ಲಿ. ನೀವು ಪ್ರತಿ ಮನೆಯಿಂದಲೂ ಒಂದೆರಡು ಹಿಡಿ ಮೆಕ್ಕೆಜೋಳದ ಬೀಜ ತರಿಸಿದಿರಿ. ಒದ್ದೆ ಬಟ್ಟೆಯ ಮೇಲೆ ಹತ್ತು ಸಾಲು, ಸಾಲಿಗೆ ಹತ್ತು ಕಾಳು. ಸುರುಳಿ ಸುತ್ತಿ, ದಾರ ಕಟ್ಟಿ, ಬೆಚ್ಚಗಿನ ಮೂಲೆಯಲ್ಲಿ ನಿಲ್ಲಿಸಿ, ಏಳು ದಿನ ಕಾದು ಬಿಚ್ಚಿದೆವು. ಇಪ್ಪತ್ತಮೂರು ಮನೆಗಳ ಪೈಕಿ ಏಳು ಮನೆಗಳ ಬೀಜದಲ್ಲಿ ನೂರಕ್ಕೆ ಹದಿನೈದೂ ಮೊಳೆತಿರಲಿಲ್ಲ. ಆ ಏಳರಲ್ಲಿ ನಮ್ಮದೂ ಒಂದು.

ಆರು ಮನೆಯವರು ಮೊದಲು ಬೈದರು, ಆಮೇಲೆ ಬಂದರು. ನೀವು ಸಂಶೋಧನಾ ಕೇಂದ್ರದಿಂದ ಹೊಸ ಬೀಜ ತಂದುಕೊಟ್ಟಿರಿ. ಆ ವರ್ಷ ಬೆಳೆ ಆಳೆತ್ತರ ನಿಂತಿತು. ಅಲ್ಲಿಂದಾಚೆಗೆ ಉಳುವುದಕ್ಕೆ ಪಾಠ ಯಾಕೆ ಎಂದು ಕೇಳುವ ಬಾಯಿಗಳು ಮುಚ್ಚಿದವು. ನಮ್ಮಪ್ಪ ಮಾತ್ರ ಬೈಯಲೂ ಇಲ್ಲ. ಅವರಮ್ಮನ ಕಾಲದಿಂದ ಉಳಿಸಿಕೊಂಡು ಬಂದ ಕೆಂಪು ಕಾಳಿನ ಬೀಜವನ್ನು ಅಂದೇ ಸಂಜೆ ಕೋಳಿಗಳಿಗೆ ಸುರಿದರು. “ನನ್ನ ಮಗಳು ಎಣಿಸಿದ್ದಾಳೆ” ಅಂದರು. ಆ ಒಂದು ಮಾತಿನ ಬಲದ ಮೇಲೆ ನಾನು ಇವತ್ತಿನವರೆಗೆ ಬಂದಿದ್ದೇನೆ ಮೇಷ್ಟ್ರೇ.

ಆ ಅಧ್ಯಾಯವನ್ನು ನೀವೇ ಬರೆದುಕೊಡಬೇಕು. ನಾಲ್ಕು ಪುಟ ಸಾಕು, ತಿಂಗಳ ಕೊನೆಯೊಳಗೆ ಬೇಕು. ನೆಪ ಹೇಳುವುದಿದ್ದರೆ ಹೊಸದೊಂದು ಹೇಳಿ, ಹಳೆಯವನ್ನೆಲ್ಲ ನಾವು ನಿಮ್ಮ ಹತ್ತಿರವೇ ಹೇಳಿ ಸವೆಸಿದ್ದೇವೆ.

ಇಂತಿ,
ಗಡಿಬಿಡಿ


ಜನವರಿ ೨೪

ಗಡಿಬಿಡಿಗೆ ಮೇಷ್ಟ್ರ ಆಶೀರ್ವಾದ.

ನಿನ್ನ ಕಾಗದ ಮೂರು ಸಲ ಓದಿದೆ. ನಾನಿರುವುದು ಮಗಳ ಹಲ್ಲಿನ ಆಸ್ಪತ್ರೆಯ ಮೇಲಿನ ಕೋಣೆಯಲ್ಲಿ. ಬೆಳಗ್ಗೆ ಒಂಬತ್ತಕ್ಕೆ ಕೆಳಗೆ ಹಲ್ಲು ಕೊರೆಯುವ ಯಂತ್ರ ಶುರುವಾಗುತ್ತದೆ. ಕಿವಿ ಮಂದವಾದದ್ದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಕಿಟಕಿಯಲ್ಲಿ ಬಂದರಿನ ಕ್ರೇನುಗಳು ಕಾಣುತ್ತವೆ. ಹಸಿರು ನೋಡಬೇಕೆಂದರೆ ನಾನಿಟ್ಟ ಮೂರು ಕುಂಡಗಳೇ ಗತಿ.

ಚರಿತ್ರೆ ಬರೆಯುವುದಾದರೆ ಬುಡದಿಂದ ಬರೆ. ಶಾಲೆ ಶುರುವಾದದ್ದು ಖಾಲಿ ಬಿದ್ದಿದ್ದ ಉಗ್ರಾಣದಲ್ಲಿ. ಹನ್ನೊಂದು ಹುಡುಗರು, ಕೂರುವುದಕ್ಕೆ ಬೋರಲು ಹಾಕಿದ ಹಣ್ಣಿನ ಪೆಟ್ಟಿಗೆಗಳು. ನನಗೆ ಇಪ್ಪತ್ತೆರಡು ವಯಸ್ಸು, ಮೀಸೆ ಕೂಡ ಸರಿಯಾಗಿ ಬಂದಿರಲಿಲ್ಲ. ಮಕ್ಕಳನ್ನು ಕಳಿಸಿ ಎಂದು ಸೈಕಲ್ ತುಳಿದು ಮನೆ ಮನೆಗೆ ಹೋಗುತ್ತಿದ್ದೆ. ಒಬ್ಬರು ಬಾಗಿಲಲ್ಲೇ ನಿಲ್ಲಿಸಿ, “ಗುದ್ದಲಿ ಹಿಡಿಯೋದು ನಾವೇ ಕಲಿಸಿದ್ದೀವಿ. ನೀವೇನು ಕಲಿಸ್ತೀರಿ, ಕರೀ ಹಲಗೆ ಮೇಲೆ ಉಳೋದಾ?” ಅಂದರು. ಅದಕ್ಕೇ ‘ಸ್ವಂತ ತುಂಡು’ ಎಂಬ ಪದ್ಧತಿ ತಂದೆವು. ಪ್ರತಿ ಹುಡುಗನಿಗೂ ಅವನ ಮನೆಯ ಹೊಲದಲ್ಲೇ ಹತ್ತು ಹೆಜ್ಜೆ ಅಗಲ, ಇಪ್ಪತ್ತು ಹೆಜ್ಜೆ ಉದ್ದದ ಜಾಗ. ಬಿತ್ತುವವನೂ ಅವನೇ, ದಿನಚರಿ ಬರೆಯುವವನೂ ಅವನೇ. ಅಪ್ಪ ಕೈ ಹಾಕುವಂತಿಲ್ಲ. ಒಬ್ಬ ಅಪ್ಪ ತಡೆಯಲಾರದೆ, ಮಗ ಏಳುವ ಮೊದಲೇ ಹೋಗಿ ಕಳ್ಳನ ಹಾಗೆ ಕಳೆ ಕೀಳುತ್ತಿದ್ದ. ಹದಿನೈದು ದಿನಕ್ಕೊಮ್ಮೆ ನೋಡಲು ಹೋಗುತ್ತಿದ್ದ ನಾನು ಅವನನ್ನೇ ಹಿಡಿದು ಬೈದಿದ್ದೆ.

ಆಮೇಲೆ ಎಂಜಿನ್ ಶೆಡ್ ಬಂತು. ಕೆಟ್ಟು ನಿಂತ ಪಂಪಿನ ಎಂಜಿನ್ನನ್ನು ಹುಡುಗರು ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿದರು. ಮೂರು ಸ್ಕ್ರೂ ಮಿಕ್ಕವು, ಆದರೂ ಎಂಜಿನ್ ಓಡಿತು! ಆ ಮೂರು ಎಲ್ಲಿಯವೆಂದು ಇವತ್ತಿಗೂ ಗೊತ್ತಿಲ್ಲ. ನಂತರ ಹೆಣ್ಣುಮಕ್ಕಳಿಗೆಂದು ಹೊಲಿಗೆ ಕೋಣೆ, ಹಣ್ಣು ಕೆಡದಂತೆ ಬಾಟಲಿಗೆ ತುಂಬುವ ಪಾಠ. ಗಂಡಿಗೆ ಹೊಲ, ಹೆಣ್ಣಿಗೆ ಸೂಜಿ ಎಂದು ಆಡಳಿತ ಮಂಡಳಿ ಗೆರೆ ಎಳೆದುಬಿಟ್ಟಿತ್ತು. ಆ ಗೆರೆ ದಾಟಿದವಳು ನೀನು.

ಮೊಳಕೆ ಪರೀಕ್ಷೆಯ ವಿಚಾರ. ಅದು ಒಂದು ವಾರದ ಕೆಲಸ, ಅದಕ್ಕೆ ಒಂದು ಅಧ್ಯಾಯ ಬೇಡ. ನನಗೂ ಈಗ ಎಲ್ಲ ನೆನಪಿಲ್ಲ. ಎಂಜಿನ್ ಶೆಡ್ಡನ್ನು ಮುಖ್ಯವಾಗಿಟ್ಟುಕೋ, ಸಮಿತಿಯವರಿಗೆ ಯಂತ್ರವೆಂದರೆ ಇಷ್ಟ.

ನಿಮ್ಮ ತಂದೆಯವರು ಹೇಗಿದ್ದಾರೆ?

ಇಂತಿ,
ಮೇಷ್ಟ್ರು


ಫೆಬ್ರವರಿ ೨

ಮೇಷ್ಟ್ರಿಗೆ ನಮಸ್ಕಾರ.

ಐವತ್ತು ವರ್ಷದ ಹಿಂದಿನ ಮೂರು ಸ್ಕ್ರೂ ನೆನಪಿದೆ, ನಲವತ್ತೊಂದು ವರ್ಷದ ಹಿಂದಿನ ಪರೀಕ್ಷೆ ಮರೆತಿದೆ. ಇದನ್ನು ನಂಬುವುದಕ್ಕೆ ನಾನೇನು ಸಮಿತಿಯವಳೇ? ನಿಮ್ಮ ಸಂಕೋಚ ನನಗೆ ಹೊಸದಲ್ಲ. ಬೀಳ್ಕೊಡುಗೆಯ ದಿನವೂ ನಿಮ್ಮನ್ನು ಹೊಗಳಿದಾಗಲೆಲ್ಲ ಕನ್ನಡಕ ಒರೆಸುತ್ತ ಕೂತಿದ್ದಿರಿ. ಆಗಲಿ, ನೀವು ಬರೆಯದಿದ್ದರೆ ನಾನೇ ಬರೆಯುತ್ತೇನೆ. ನಿಮ್ಮನ್ನು ಹೊಗಳಿಯೇ ಬರೆಯುತ್ತೇನೆ, ಏನು ಮಾಡುತ್ತೀರಿ?

ಆ ವರ್ಷದ ಪರೀಕ್ಷೆಯ ಪುಸ್ತಕ ಅಟ್ಟದ ಮೇಲೆ ಸಿಕ್ಕಿತು. ಮೊದಲ ಪಟ್ಟಿ ಇದೆ, ನನ್ನ ಗುಂಡು ಅಕ್ಷರ ನೋಡಿ ನಗು ಬಂತು. ಅದರ ಮುಂದಿನ ಹಾಳೆ ಮಾತ್ರ ಇಲ್ಲ. ನಮ್ಮ ವೆಲ್ಡಿಂಗ್ ಮೇಷ್ಟ್ರು ಇಲಿ ತಿಂದಿರಬೇಕು ಅಂದರು. ಸ್ಕೇಲ್ ಇಟ್ಟು ಬ್ಲೇಡಿನಲ್ಲಿ ಕೊಯ್ದು ತಿನ್ನುವ ಇಲಿ ನಾನಂತೂ ನೋಡಿಲ್ಲ. ಆಗಿನ ಗುಮಾಸ್ತರು ಕಾಗದಕ್ಕೆ ಬಡತನವೆಂದು ಹಾಳೆ ಕೊಯ್ದು ಚೀಟಿ ಮಾಡುತ್ತಿದ್ದರಲ್ಲ, ಅವರದೇ ಕೆಲಸ ಇದ್ದೀತು.

ಇನ್ನೊಂದು ಸಂತೋಷದ ಸುದ್ದಿ. ಸಮಿತಿ ಬರುವ ದಿನ ಅಪ್ಪನನ್ನು ಮುಂದಿನ ಸಾಲಿನಲ್ಲಿ ಕೂರಿಸುತ್ತೇನೆ. ಎಂಬತ್ತರ ಹತ್ತಿರ ಬಂದಿದ್ದರೂ ಶಾಲೆಯ ತರಕಾರಿ ಮಡಿಗೆ ದಿನಾ ಬಂದು ಮಕ್ಕಳ ತಲೆ ತಿನ್ನುತ್ತಾರೆ. ತಮ್ಮ ಅಮ್ಮನ ಬೀಜವನ್ನು ಶಾಲೆಯ ಮಾತು ನಂಬಿ ಕೋಳಿಗೆ ಹಾಕಿದ ಕಥೆಯನ್ನು ಅವರ ಬಾಯಲ್ಲೇ ಹೇಳಿಸುತ್ತೇನೆ. ಹೇಳಿ ಅಂತ ಕೇಳಿದೆ. “ಅದೆಲ್ಲ ಯಾಕಮ್ಮ ಈಗ” ಅಂದು ಎದ್ದು ಹೋದರು. ನೀವಿಬ್ಬರೂ ಒಂದೇ, ಹೊಗಳಿಸಿಕೊಳ್ಳುವುದೆಂದರೆ ಮೈ ಮುಳ್ಳಾಗುತ್ತದೆ. ನಾನು ಒಪ್ಪಿಸುತ್ತೇನೆ ಬಿಡಿ.

ಇಂತಿ,
ಗಡಿಬಿಡಿ


ಫೆಬ್ರವರಿ ೧೦

ಗಡಿಬಿಡಿ,

ನಿಮ್ಮ ತಂದೆಯವರಿಂದ ಆ ಕಥೆ ಹೇಳಿಸಬೇಡ. ಅದು ಸುಳ್ಳು ಕಥೆ. ಅವರ ಬೀಜ ಚೆನ್ನಾಗಿತ್ತು. ಏಳು ಮನೆಗಳ ಬೀಜವೂ ಚೆನ್ನಾಗಿತ್ತು.

ಮೂರು ಕಾಗದ ಬರೆದು ಹರಿದೆ. ಇದನ್ನು ಹರಿಯುವ ಮೊದಲೇ ಅಂಚೆಗೆ ಹಾಕುತ್ತೇನೆ.

ಬಟ್ಟೆ ಸಾಲದೆ ಹೊಲಿಗೆ ಟೀಚರ್ ಹತ್ತಿರ ಹಳೆಯ ತುಂಡುಗಳನ್ನು ಕೇಳಿದ್ದೆ, ನೆನಪಿದೆಯೇ? ಏಳು ತುಂಡು ಕೊಟ್ಟರು, ಎಲ್ಲವೂ ಕೊಳೆ. ಇನ್ಸ್‌ಪೆಕ್ಟರ್ ಶಾಲೆ ನೋಡಲು ಬರುವುದಕ್ಕೆ ಹತ್ತು ದಿನವಿತ್ತು. “ನಾನು ಒಗೀತೀನಿ ಮೇಷ್ಟ್ರೇ” ಎಂದು ನೀನು ಓಡಿದೆ. ಸಂಜೆ ತಂದಾಗ ಆ ಏಳು ಬಟ್ಟೆಗಳು ಕಣ್ಣು ಕುಕ್ಕುವಷ್ಟು ಬೆಳ್ಳಗಿದ್ದವು. ಭೇಷ್ ಅಂದೆ. ಹೇಗೆ ಒಗೆದೆ ಎಂದು ಕೇಳಲಿಲ್ಲ.

ಫಲಿತಾಂಶ ಓದಿದ್ದು, ಇನ್ಸ್‌ಪೆಕ್ಟರ್ ನನ್ನ ಬೆನ್ನು ತಟ್ಟಿದ್ದು, ಏಳು ಮನೆಗಳಿಗೆ ಹೊಸ ಬೀಜ ಹೋದದ್ದು ನಿನಗೆ ಗೊತ್ತು. ಬಿತ್ತನೆಯೆಲ್ಲ ಮುಗಿದ ಮೇಲೆ ಬೀರು ಸ್ವಚ್ಛ ಮಾಡುತ್ತಿದ್ದೆ. ಆ ಏಳು ಮನೆಗಳ ಕಾಳು ಸುತ್ತಿದ್ದ ಬಟ್ಟೆಗಳನ್ನು ಎತ್ತಿದಾಗ ಮೂಗಿಗೆ ಬ್ಲೀಚಿಂಗ್ ಪುಡಿಯ ವಾಸನೆ ಹೊಡೆಯಿತು. ಪುಡಿಯಲ್ಲಿ ನೆನೆಸಿದ ನೀನು ಅವಸರದಲ್ಲಿ ಜಾಲಿಸುವುದನ್ನು ಮರೆತಿದ್ದೆ. ಕಾಳು ಸತ್ತಿರಲಿಲ್ಲ, ನಾವೇ ಸಾಯಿಸಿದ್ದೆವು. ಪೊಟ್ಟಣದಲ್ಲಿ ಉಳಿದಿದ್ದ ಬೀಜ ತೆಗೆದು, ನನ್ನ ಹಳೆಯ ಅಂಗಿ ಹರಿದು, ಮತ್ತೆ ಪರೀಕ್ಷೆ ಮಾಡಿದೆ. ಏಳೂ ಮೊಳೆತವು. ಎಂಬತ್ತೈದು, ತೊಂಬತ್ತು, ಎಂಬತ್ತೆಂಟು. ನಿಮ್ಮ ತಂದೆಯವರದು ತೊಂಬತ್ತಮೂರು. ಆ ಹಾಳೆಯನ್ನು ಕೊಯ್ದವನು ನಾನು, ಗುಮಾಸ್ತರನ್ನು ಸುಮ್ಮನೆ ಬೈಯಬೇಡ. ಮೊಳಕೆಗಳನ್ನು ಗೊಬ್ಬರದ ಗುಂಡಿಗೆ ಹಾಕಿ ಮೇಲೆ ಮಣ್ಣೆಳೆದೆ.

ನಿನಗೋಸ್ಕರ ಮಾಡಿದೆ. ನಿನ್ನನ್ನು ಒಂದು ಅವಧಿಗೆ ಮಾತ್ರ ನೋಡೋಣವೆಂದು ಮಂಡಳಿ ತೆಗೆದುಕೊಂಡಿತ್ತು. “ಒಂದು ತಪ್ಪು ಮಾಡಿದರೂ ಹೊಲಿಗೆ ಕೋಣೆಗೆ” ಎಂದು ಬರೆದೇ ಕೊಟ್ಟಿದ್ದರು. ನಿನ್ನ ಹಿಂದೆ ಇನ್ನಾವ ಹುಡುಗಿಗೂ ಬಾಗಿಲು ತೆರೆಯುತ್ತಿರಲಿಲ್ಲ.

ನಿಮ್ಮ ತಂದೆಯವರನ್ನು ನಾಲ್ಕು ಜನರ ಮುಂದೆ ಆ ಸುಳ್ಳಿನಲ್ಲಿ ನಿಲ್ಲಿಸಬೇಡ. ನನಗೆ ಏನು ಬೇಕಾದರೂ ಅನ್ನು.

ಮೇಷ್ಟ್ರು


ಫೆಬ್ರವರಿ ೨೬

ಗಡಿಬಿಡಿಗೆ,

ಹದಿನಾರು ದಿನವಾಯಿತು. ಅಂಚೆ ತಡವಾಗಿರಬಹುದು ಎಂದುಕೊಳ್ಳುತ್ತಿದ್ದೇನೆ. ದಿನಾ ಕೆಳಗಿಳಿದು ಪೆಟ್ಟಿಗೆ ನೋಡುತ್ತೇನೆ. ಹಲ್ಲುನೋವಿನವರು ನಾನೂ ಅವರ ಸಾಲಿನವನೆಂದು ಜಾಗ ಬಿಡುತ್ತಾರೆ. ಬೈದಾದರೂ ಬರೆ. ನೀನು ಸುಮ್ಮನಿರುವವಳಲ್ಲ, ಅದಕ್ಕೇ ಭಯ.

ಮೇಷ್ಟ್ರು


ಮಾರ್ಚ್ ೪

ಮೇಷ್ಟ್ರೇ,

ನಿಮ್ಮ ಕಾಗದ ಬಂದ ದಿನ ನಾನು ಅಳಲಿಲ್ಲ, ಬೈಯಲಿಲ್ಲ. ಹೊಲಿಗೆ ಕೋಣೆಗೆ ಹೋಗಿ ನಾಲ್ಕು ತುಂಡು ಬಟ್ಟೆ ತಂದು ಬ್ಲೀಚಿಂಗ್ ಪುಡಿಯಲ್ಲಿ ಅದ್ದಿದೆ, ಜಾಲಿಸದೆ ಒಣಗಿಸಿದೆ. ಇನ್ನು ನಾಲ್ಕನ್ನು ಬರೀ ನೀರಿನಲ್ಲಿ ಒಗೆದೆ. ಒಂದೇ ಚೀಲದ ಬೀಜ ಎಂಟಕ್ಕೂ ಹಾಕಿದೆ. ಯಾರು ಹೇಳಿದರೂ ಮಾಡಿ ನೋಡಿಯೇ ನಂಬಬೇಕೆಂದು ಕಲಿಸಿದವರು ನೀವೇ ಅಲ್ಲವೇ? ಏಳು ದಿನದ ಮೇಲೆ ಬಿಚ್ಚಿದೆ. ನೀರಿನಲ್ಲಿ ಒಗೆದ ಬಟ್ಟೆಗಳಲ್ಲಿ ತೊಂಬತ್ತರ ಮೇಲೆ. ಪುಡಿಯ ಬಟ್ಟೆಗಳಲ್ಲಿ ಒಂಬತ್ತು, ಆರು, ಹನ್ನೊಂದು, ಏಳು. ಆಮೇಲೆ ಬಾಗಿಲು ಹಾಕಿಕೊಂಡು ಅತ್ತೆ.

ಅಪ್ಪನಿಗೆ ಹೇಳಿದೆ. ಅವರು ಟೊಮೆಟೊ ಗಿಡಕ್ಕೆ ಕೋಲು ಕಟ್ಟುತ್ತಿದ್ದರು, ದಾರ ಬಿಗಿಯುವುದನ್ನು ನಿಲ್ಲಿಸಲಿಲ್ಲ. “ಗೊತ್ತಿತ್ತು ಕಣಮ್ಮ” ಅಂದರು. ಕೋಳಿಗೆ ಸುರಿದ ಬೀಜದಲ್ಲಿ ಅರ್ಧ ಗೂಡಿನ ಪಕ್ಕದ ಹಸಿ ನೆಲದಲ್ಲಿ ಬಿದ್ದಿತ್ತಂತೆ. ಒಂದು ವಾರಕ್ಕೆ ಒತ್ತಾಗಿ ಪೈರು ಎದ್ದು ನಿಂತಿತಂತೆ. ನಾನು ಶಾಲೆಯಿಂದ ಬರುವುದರೊಳಗೆ ಎಲ್ಲವನ್ನೂ ಕಿತ್ತು ಕರುವಿಗೆ ಹಾಕಿದರಂತೆ.

“ಅಜ್ಜಿ ಬೀಜ ಅಲ್ವಾ ಅಪ್ಪ? ನಾಲ್ಕಾದರೂ ಬಿಡಬಾರದಿತ್ತಾ?” ಅಂದೆ.

“ನಾಲ್ಕು ಬಿಟ್ರೆ ನೀನು ಎಣಿಸ್ತಿದ್ದೆ” ಅಂದರು.

ಮೇಷ್ಟ್ರೇ, ನನಗೆ ಬಂದಿರುವ ಕೋಪವನ್ನು ಹೇಗೆ ಬರೆಯಲಿ? ಹದಿಮೂರು ವರ್ಷದವಳು ಅವಸರದಲ್ಲಿ ಬಟ್ಟೆ ಜಾಲಿಸಲಿಲ್ಲ, ಅದು ನನ್ನ ತಪ್ಪು, ನಾನು ಹೊತ್ತುಕೊಳ್ಳುತ್ತೇನೆ. ಆದರೆ ಇಬ್ಬರು ದೊಡ್ಡ ಗಂಡಸರು, ಒಬ್ಬರಿಗೊಬ್ಬರು ಹೇಳಿಕೊಳ್ಳದೆ, ಈ ಹುಡುಗಿ ಇದನ್ನು ತಡೆದುಕೊಳ್ಳಲಾರಳು ಎಂದು ತೀರ್ಮಾನ ಮಾಡಿದಿರಿ. ನೀವು ನನ್ನನ್ನು ಕಾಪಾಡಿದಿರಿ, ಕಲಿಸಲಿಲ್ಲ. ಆಗಲೇ ಹೇಳಿದ್ದರೆ ನಾನು ಹೊಲಿಗೆ ಕೋಣೆಗೆ ಹೋಗುತ್ತಿದ್ದೆ, ಒಪ್ಪಿದೆ. ನನಗೆ ಹದಿನೆಂಟಾದಾಗ ಹೇಳಬಹುದಿತ್ತು. ನಾನು ಟೀಚರಾಗಿ ಇದೇ ಶಾಲೆಗೆ ಬಂದ ದಿನ ಹೇಳಬಹುದಿತ್ತು. ಅದೇ ಪರೀಕ್ಷೆಯನ್ನು ಮಕ್ಕಳಿಗೆ ಇಪ್ಪತ್ತೆಂಟು ವರ್ಷ ಹೇಳಿಕೊಟ್ಟಿದ್ದೇನೆ. ತಪ್ಪು ಮುಚ್ಚಿಟ್ಟ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಅಷ್ಟು ವರ್ಷವೂ ನಾನು ನಿಂತಿದ್ದು ನೀವು ಮುಚ್ಚಿದ ಗುಂಡಿಯ ಮೇಲೆ.

ಒಂದು ಪ್ರಶ್ನೆ ಕೇಳುತ್ತೇನೆ, ನೇರವಾಗಿ ಉತ್ತರ ಕೊಡಿ. ನನಗೋಸ್ಕರ ಮಾಡಿದೆ ಎಂದು ಬರೆದಿದ್ದೀರಿ. ಬರೀ ನನಗೋಸ್ಕರವೇ?

ಈ ವಿಷಯ ಸಮಿತಿಯ ಮುಂದೆ ಹೇಳುತ್ತೇನೆ. ಚರಿತ್ರೆಯಲ್ಲೂ ಬರೆಯುತ್ತೇನೆ. ನಿಮ್ಮ ಒಪ್ಪಿಗೆ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ. ಉಳಿದ ಆರು ಮನೆಗಳಿಗೂ ಸ್ಕೂಟರಿನಲ್ಲಿ ಹೋಗಿ ಹೇಳಿ ಬಂದೆ. ಐದು ಮನೆಯವರು ನಕ್ಕರು, ಹೊಸ ಬೀಜದಿಂದ ಒಳ್ಳೆಯದೇ ಆಯಿತಲ್ಲ ಎಂದರು. ಬಾವಿ ಮನೆಯ ಅಜ್ಜಿ ಮಾತ್ರ ಕೋಲು ಎತ್ತಿದರು. “ನಮ್ಮ ಬೀಜ ಚೆನ್ನಾಗಿದೆ ಅಂತ ಆವತ್ತೇ ಬಡ್ಕೊಂಡೆ. ಬಟ್ಟೆ ಹೇಳಿದ್ದನ್ನ ಕೇಳಿದ್ರಿ, ನಾನು ಹೇಳಿದ್ದನ್ನ ಯಾರು ಕೇಳಿದ್ರಿ?” ಅಂದರು. ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಗಡಿಬಿಡಿ


ಮಾರ್ಚ್ ೧೦

ಗಡಿಬಿಡಿಗೆ,

ಬರೀ ನಿನಗೋಸ್ಕರ ಅಲ್ಲ.

ಆಗ ಶಾಲೆಗೆ ವರ್ಷ ವರ್ಷವೂ ತಾತ್ಕಾಲಿಕ ಮಂಜೂರಾತಿ. ಒಂಬತ್ತು ವರ್ಷ ಪ್ರತಿ ಬೇಸಿಗೆಯಲ್ಲೂ, ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಎಂದು ಕಾಯುತ್ತಿದ್ದೆ. ಆ ಪರೀಕ್ಷೆ ನೋಡಿ ಇನ್ಸ್‌ಪೆಕ್ಟರ್ ಶಾಲೆಯನ್ನು ಕಾಯಂ ಮಾಡಲು ಬರೆದರು. ಆದೇಶ ಬಂದದ್ದು ಬುಧವಾರ. ನನ್ನ ಅಂಗಿಯಲ್ಲಿ ಸುತ್ತಿದ ಬೀಜವನ್ನು ಬಿಚ್ಚಿದ್ದು ಅದೇ ಬುಧವಾರ. ಒಂದು ಕೈಯಲ್ಲಿ ಆದೇಶ, ಇನ್ನೊಂದು ಕೈಯಲ್ಲಿ ಮೊಳಕೆ. ನಿನ್ನ ಹೆಸರು ಆಗ ನನ್ನ ತಲೆಗೆ ಬರಲೇ ಇಲ್ಲ. ಗುಂಡಿ ಮುಚ್ಚಿ ಕೈ ತೊಳೆದುಕೊಳ್ಳುವಾಗ ಬಂತು. ಇವಳಿಗಾಗಿ ಮಾಡಿದೆ ಎಂದುಕೊಂಡರೆ ಮನಸ್ಸಿಗೆ ಹಗುರವಾಯಿತು, ಹಾಗೇ ಅಂದುಕೊಂಡು ಬಂದೆ. ಹೇಳಿ ಹೇಳಿ ನನಗೂ ಅದೇ ನಿಜವಾಗಿಬಿಟ್ಟಿತ್ತು.

ನಿಮ್ಮ ತಂದೆಯವರಿಗೆ ಗೊತ್ತಿತ್ತೆಂದು ಓದಿ, ಆ ಸಾಲನ್ನು ಮತ್ತೆ ಓದಿದೆ. ಎಷ್ಟು ಸಲ ಅವರ ಮನೆಯ ಜಗಲಿಯಲ್ಲಿ ಕೂತು ನೀರು ಕುಡಿದಿದ್ದೇನೆ!

ಒಂದು ಮಾತು. ಇದನ್ನು ಸಮಿತಿಯ ಮುಂದೆ ಹೇಳಿದರೆ ಅವರಿಗೆ ಬೇಕಾದ ನೆಪ ಸಿಕ್ಕ ಹಾಗಾಗುತ್ತದೆ. ಮೂವತ್ತೆಂಟು ಮಕ್ಕಳ ತರಗತಿ ಹೋಗುತ್ತದೆ. ನನ್ನ ಹೆಸರಿನ ಚಿಂತೆ ನನಗಿಲ್ಲ, ಬೇಕಾದರೆ ಸಮಿತಿ ಹೋದ ಮೇಲೆ ಊರೆಲ್ಲ ಸಾರು. ಒಂದು ವಾರ ತಡೆ.

ಮೇಷ್ಟ್ರು


ಮಾರ್ಚ್ ೨೨

ಮೇಷ್ಟ್ರಿಗೆ,

ತಡೆಯಲಿಲ್ಲ. ಒಂದು ವಾರ ತಡೆಯೋಣ ಎಂದುಕೊಂಡಿದ್ದೇ ನಲವತ್ತೊಂದು ವರ್ಷವಾಗಿದ್ದು.

ಸಮಿತಿಯವರು ಮೂವರು. ಅಧ್ಯಕ್ಷರು ಇಸ್ತ್ರಿ ಮಾಡಿದ ಮುಖದವರು, ಬಂದಾಗಿನಿಂದ ಗಡಿಯಾರ ನೋಡುತ್ತಿದ್ದರು. ಕೊಟ್ಟಿಗೆ ನೋಡಿದರು, ಎಂಜಿನ್ ಶೆಡ್ ನೋಡಿದರು, ಮಕ್ಕಳ ಸ್ವಂತ ತುಂಡಿನ ದಿನಚರಿಗಳನ್ನು ತಿರುವಿದರು. ಆಮೇಲೆ ದೊಡ್ಡ ಕೋಣೆಯ ಮೇಜಿನ ಮೇಲೆ, ಅದೇ ರೀತಿ ಹೊಸದಾಗಿ ಸುತ್ತಿಸಿದ್ದ ಎಂಟು ಸುರುಳಿ ಇಡಿಸಿದೆ. ಬಿಚ್ಚಿದವಳು ಎಂಟನೇ ತರಗತಿಯ ಹುಡುಗಿ, ಮಕ್ಕಳು ಅವಳನ್ನು ರೇಡಿಯೋ ಅನ್ನುತ್ತಾರೆ. ನಾಲ್ಕು ಸುರುಳಿಯಲ್ಲಿ ಮೊಳಕೆ ಹುಲ್ಲಿನ ಹಾಗೆ ಎದ್ದಿತ್ತು. ನಾಲ್ಕರಲ್ಲಿ ಕಾಳು ಊದಿಕೊಂಡು ಕೊಳೆತಿತ್ತು.

“ಕೆಟ್ಟ ಬೀಜವನ್ನು ಹೀಗೆ ಕಂಡುಹಿಡಿಯುತ್ತೀರಿ” ಎಂದು ಅಧ್ಯಕ್ಷರು ತಾವೇ ಮುಗಿಸಿಬಿಟ್ಟರು.

“ಬೀಜ ಎಲ್ಲಾ ಒಂದೇ ಚೀಲದ್ದು ಸಾರ್. ಬಟ್ಟೆ ಮೂಸಿ ನೋಡಿ” ಅಂದಳು ರೇಡಿಯೋ.

ಅಧ್ಯಕ್ಷರು ನನ್ನ ಮುಖ ನೋಡಿದರು. ನಾನು ಕದಲಲಿಲ್ಲ. ಪಾಪ, ಬಗ್ಗಿ ಮೂಸಿ ಸೀನಿದರು. ಆಗ ನಾನು ಎಲ್ಲ ಹೇಳಿದೆ. ಈ ಶಾಲೆಗೆ ಹೆಸರು ತಂದ ಪರೀಕ್ಷೆ ತಪ್ಪಾಗಿತ್ತು ಎಂದೆ. ಬಟ್ಟೆ ಒಗೆದ ಹುಡುಗಿ ನಾನು, ಮುಚ್ಚಿಟ್ಟವರು ನಮ್ಮ ಮೇಷ್ಟ್ರು, ನಷ್ಟವಾದದ್ದು ಏಳು ಮನೆಗಳಿಗೆ ಎಂದೆ. ಅಪ್ಪ ಮುಂದಿನ ಸಾಲಿನಲ್ಲಿ ಕೂತಿದ್ದರು, ನಾನು ಗೋಡೆ ನೋಡಿಕೊಂಡು ಹೇಳಿದೆ.

ಅಧ್ಯಕ್ಷರು ಕನ್ನಡಕ ತೆಗೆದರು. “ನಿಮ್ಮ ಅತ್ಯುತ್ತಮ ಕೆಲಸವೇ ತಪ್ಪು ಎಂದು ನೀವೇ ಹೇಳುತ್ತಿದ್ದೀರಿ. ಮತ್ತೆ ಈ ತರಗತಿ ಯಾಕಿರಬೇಕು?”

“ಪುಸ್ತಕದಲ್ಲಿ ಬೀಜ ಯಾವಾಗಲೂ ಏಳು ದಿನಕ್ಕೆ ಮೊಳೆಯುತ್ತದೆ ಸಾರ್” ಎಂದೆ. “ಮೊಳೆಯದಿದ್ದಾಗ ಬೀಜವನ್ನು ಬೈಯಬೇಕೋ, ಬಟ್ಟೆ ಮೂಸಬೇಕೋ ಅನ್ನುವುದು ಇಲ್ಲಿ ಮಾತ್ರ ಗೊತ್ತಾಗುತ್ತದೆ. ಈ ತಿಂಗಳಿಂದ ನಮ್ಮ ದಿನಚರಿಯಲ್ಲಿ ಒಂದು ಹೊಸ ಕಾಲಂ ಸೇರಿಸಿದ್ದೇವೆ, ಅದರ ಹೆಸರು ‘ನನ್ನ ತಪ್ಪು’. ಮೊದಲು ತುಂಬಿದವಳು ನಾನು.”

ಅವರು ಮಕ್ಕಳ ಕಡೆ ತಿರುಗಿ, ನೀವೂ ತುಂಬಿದ್ದೀರಾ ಎಂದರು. ಒಬ್ಬ ಎದ್ದು, ಮೊಲದ ಗೂಡಿಗೆ ಚಿಲಕ ಹೊರಗೆ ಹಾಕುವ ಬದಲು ಒಳಗೆ ಹಾಕಿದ್ದನ್ನು ಓದಿದ. ಇನ್ನೊಬ್ಬ, ಹಾಲು ಕರೆಯುವಾಗ ಹಾಡಿದ್ದರಿಂದ ಹಸು ಒದ್ದಿದ್ದನ್ನು ಓದಿದ. ಹಸುವಿನ ತಪ್ಪೋ ಹಾಡಿನ ತಪ್ಪೋ ಎಂದು ಮೂರನೆಯವನು ಕೇಳಿದ. ಎಡಗಡೆ ಕೂತಿದ್ದ ಸದಸ್ಯೆ ಸೆರಗು ಬಾಯಿಗೆ ಹಿಡಿದುಕೊಂಡು ನಕ್ಕರು.

ಅಷ್ಟರಲ್ಲಿ ಹಿಂದಿನ ಬಾಗಿಲಲ್ಲಿ ಕೋಲಿನ ಸದ್ದು. ಬಾವಿ ಮನೆಯ ಅಜ್ಜಿ! ಯಾರೂ ಕರೆದಿರಲಿಲ್ಲ. ನೇರವಾಗಿ ಮೇಜಿನವರೆಗೆ ನಡೆದು ಬಂದರು. ಮುಗಿಯಿತು ಕಥೆ ಎಂದುಕೊಂಡೆ. “ಸ್ವಾಮಿ, ನಿಮ್ಮ ಆಫೀಸಿನೋರು ಯಾರಾದ್ರೂ ಇವತ್ತಿನವರೆಗೂ ನಮ್ಮ ಮನೆ ಬಾಗಿಲಿಗೆ ಬಂದು ‘ಅಜ್ಜಿ, ನಮ್ಮದು ತಪ್ಪಾಯ್ತು’ ಅಂದಿದ್ದಾರಾ?” ಎಂದು ಅಧ್ಯಕ್ಷರನ್ನೇ ಕೇಳಿದರು. “ಇವಳು ಬಂದಳು. ನಲವತ್ತೊಂದು ವರ್ಷ ತಡವಾಗಿ ಬಂದಳು, ಆದ್ರೂ ಬಂದಳು. ಈ ಇಸ್ಕೂಲು ಮುಚ್ಚೋದಾದ್ರೆ ಮೊದಲು ನನ್ನ ಹತ್ರ ಮಾತಾಡಿ.” ಹಾಗೆಂದು ಅಪ್ಪನ ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟರು.

ಸಮಿತಿ ಏನೂ ಹೇಳದೆ ಹೋಗಿದೆ. ತೀರ್ಮಾನ ಹದಿನೈದು ದಿನದಲ್ಲಿ ಬರುತ್ತದೆ. ಏನೇ ಬರಲಿ, ನಾನು ಚೆನ್ನಾಗಿ ನಿದ್ದೆ ಮಾಡುತ್ತಿದ್ದೇನೆ.

ನಿಮ್ಮ ಹಿಂದಿನ ಕಾಗದವನ್ನು ಚರಿತ್ರೆಗೆ ಸೇರಿಸುವುದಿಲ್ಲ, ಅದು ನನಗೆ ಬರೆದದ್ದು. ಆದರೆ ಕೊಯ್ದ ಹಾಳೆಯ ಜಾಗ ಖಾಲಿ ಇದೆ. ಹೊಸ ಹಾಳೆಯೊಂದನ್ನು ಇದರ ಜೊತೆ ಕಳಿಸುತ್ತಿದ್ದೇನೆ. ಅದನ್ನು ನೀವೇ ತುಂಬಬೇಕು.

ಗಡಿಬಿಡಿ


ಮಾರ್ಚ್ ೩೦

ಹೆಸರು: ಬೇಸಾಯದ ಮೇಷ್ಟ್ರು, ಈಗ ನಿವೃತ್ತ.

ಕೆಲಸ: ಏಳು ಮನೆಗಳ ಬೀಜದ ಮರುಪರೀಕ್ಷೆ.

ಫಲ: ಎಲ್ಲವೂ ಒಳ್ಳೆಯ ಬೀಜ.

ನನ್ನ ತಪ್ಪು: ಬಟ್ಟೆಯನ್ನು ಹೇಗೆ ಒಗೆದರೆಂದು ಕೇಳಲಿಲ್ಲ. ಬೀಜ ಬೆಳೆದವರ ಮಾತು ಕೇಳಲಿಲ್ಲ. ಗೊತ್ತಾದ ಮೇಲೆ ಯಾರಿಗೂ ಹೇಳಲಿಲ್ಲ. ಮೊಳಕೆಗಳಲ್ಲಿ ಹತ್ತನ್ನಾದರೂ ನೆಟ್ಟಿದ್ದರೆ ಒಂದು ಮನೆಯ ಬೀಜ ಉಳಿಯುತ್ತಿತ್ತು. ಕೆಲಸ ಹೋದೀತೆಂಬ ಹೆದರಿಕೆಯಿಂದ ನೆಡಲಿಲ್ಲ. ಒಬ್ಬ ವಿದ್ಯಾರ್ಥಿನಿಗೆ ಅವಳ ತಪ್ಪನ್ನು ತಿದ್ದಿಕೊಳ್ಳುವ ಅವಕಾಶ ಕೊಡಲಿಲ್ಲ.

ಗಡಿಬಿಡಿ, ಅಕ್ಷರ ಸೊಟ್ಟಗಾಗಿದೆ. ಎರಡನೇ ಹಾಳೆ ಕೇಳುವುದಿಲ್ಲ.


ಏಪ್ರಿಲ್ ೧೨

ಮೇಷ್ಟ್ರಿಗೆ ಗಡಿಬಿಡಿಯ ನಮಸ್ಕಾರ.

ಆದೇಶ ಬಂತು. ತರಗತಿ ಮುಂದುವರಿಯುತ್ತದೆ! ಸದ್ಯಕ್ಕೆ ಮೂರು ವರ್ಷ, ಆಮೇಲೆ ಮತ್ತೆ ನೋಡುತ್ತಾರಂತೆ. ನೋಡಲಿ, ನಾವೂ ಇರುತ್ತೇವೆ. ಹೊಲ ಹೊಲವಾಗಿಯೇ ಉಳಿಯಿತು. ಪಕ್ಕದ ಹೈಸ್ಕೂಲಿನ ಮಕ್ಕಳೂ ವಾರಕ್ಕೊಂದು ದಿನ ಇಲ್ಲಿಗೆ ಬರಬೇಕೆಂದು ಅಧ್ಯಕ್ಷರು ಬರೆದಿದ್ದಾರೆ. ಆ ಮನುಷ್ಯನ ಬಗ್ಗೆ ಆಡಿದ ಇಸ್ತ್ರಿಯ ಮಾತನ್ನು ಅರ್ಧ ವಾಪಸ್ ತೆಗೆದುಕೊಳ್ಳುತ್ತೇನೆ.

ನಿಮ್ಮ ಹಾಳೆಯನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದೆ. ಆಮೇಲೆ ಇದಕ್ಕೆ ಏನು ಷರಾ ಬರೆಯೋಣ ಎಂದು ಅವರನ್ನೇ ಕೇಳಿದೆ. ಪಾಪ, ವಯಸ್ಸಾಗಿದೆ, ಪಾಸು ಮಾಡಿ ಎಂದರು ಹುಡುಗರು. ರೇಡಿಯೋ ಒಪ್ಪಲಿಲ್ಲ. “ನಿಜ ಬರೆದಿದ್ದಾರೆ, ಆದ್ರೆ ತುಂಬಾ ತಡವಾಗಿ ಕೊಟ್ಟಿದ್ದಾರೆ. ನಾವು ತಡವಾಗಿ ಕೊಟ್ರೆ ನೀವೇನು ಮಾಡ್ತೀರಿ ಮೇಡಂ?” ಎಂದು ಕೇಳಿದಳು. ಮೊದಲಿಂದ ಮಾಡಿಸುತ್ತೇನೆ ಎಂದೆ. ಹಾಗಾದರೆ ಅವರೂ ಮಾಡಲಿ ಎಂದು ಮೂವತ್ತೆಂಟು ಕೈ ಎದ್ದವು. ಮೂವತ್ತೊಂಬತ್ತನೆಯದು ನನ್ನದು.

ಆದ್ದರಿಂದ ನೀವು ಬರಬೇಕು. ಜೂನ್ ಮೊದಲ ವಾರ ಶಾಲೆ ತೆರೆಯುತ್ತದೆ. ಮಕ್ಕಳ ಮುಂದೆ ನಿಂತು ಪರೀಕ್ಷೆಯನ್ನು ಬಟ್ಟೆ ಒಗೆಯುವುದರಿಂದ ಹಿಡಿದು ಎಣಿಕೆಯವರೆಗೆ ನೀವೇ ಮಾಡಿ ತೋರಿಸಬೇಕು. ಬೀಜ ಕೊಡುವವರು ಬಾವಿ ಮನೆಯ ಅಜ್ಜಿ, ಪಕ್ಕದಲ್ಲೇ ಕೂತು ನೋಡುತ್ತಾರಂತೆ. ಈಗಲೇ ಧೈರ್ಯ ತಂದುಕೊಳ್ಳಿ.

ನಿಮ್ಮ ಮೇಲಿನ ಕೋಪ ಪೂರ್ತಿ ಇಳಿದಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ನೀವು ಸೈಕಲ್ ತುಳಿದು ನಮ್ಮ ಮನೆಗೆ ಬಂದು, “ಈ ಹುಡುಗೀನ ಹೊಲದ ತರಗತಿಗೆ ಕಳಿಸಿ” ಎನ್ನದಿದ್ದರೆ ಕೋಪ ಮಾಡಿಕೊಳ್ಳುವುದಕ್ಕೆ ಈ ಕುರ್ಚಿಯೂ ನನಗಿರುತ್ತಿರಲಿಲ್ಲ. ಎರಡೂ ನಿಜ. ನಿಮ್ಮನ್ನು ನೋಡಬೇಕು ಅನ್ನಿಸುತ್ತಿದೆ ಮೇಷ್ಟ್ರೇ.

ಬಸ್ಸು ನಾಲ್ಕು ಗಂಟೆಗೆ ಬರುತ್ತದೆ, ನಾನು ನಿಲ್ದಾಣದಲ್ಲಿರುತ್ತೇನೆ. ಅಪ್ಪನೂ ಬರುತ್ತಾರೆ. ಮಂಡಿ ನೋವು, ಮನೆಯಲ್ಲೇ ಇರಿ ಎಂದರೆ ಕೇಳಲಿಲ್ಲ. “ಇಲ್ಲ, ನಾನೇ ಹೋಗಿ ಇಳಿಸ್ಕೋಬೇಕು. ಒಂದೇ ಸುಳ್ಳನ್ನ ಅವರು ಆ ಕಡೆ, ನಾನು ಈ ಕಡೆ, ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ದೆ ಇಷ್ಟು ವರ್ಷ ಹೊತ್ವಲ್ಲ” ಅಂದರು.

ಇಂತಿ,
ಗಡಿಬಿಡಿ